ಸುರಂಗದ ಆ ತುದಿಯಲ್ಲಿ ಯಾರು?

‘ಒಂದೇ ಗುಂಡಿ ಒತ್ತಿ, ಅಂತರ್ಜಾಲದಲ್ಲಿ ಮಾಯವಾಗಿ’ ಎನ್ನುತ್ತವೆ ವಿಪಿಎನ್ ಜಾಹೀರಾತುಗಳು. ಮಾಯವಾಗುವುದೇನೋ ಹೌದು, ಆದರೆ ಒಬ್ಬರ ಕಣ್ಣಿಂದ ಮಾತ್ರ. ಆ ಗುಂಡಿ ಒತ್ತಿದ ಕ್ಷಣವೇ ನಿಮ್ಮ ಜಾತಕ ಇನ್ನೊಬ್ಬರ ಕೈಗೆ ದಾಟಿರುತ್ತದೆ. ಅವರು ಯಾರು? ಬರೆದಿಟ್ಟುಕೊಳ್ಳುತ್ತಾರಾ? ಕೇಳಿದವರಿಗೆ ಕೊಡುತ್ತಾರಾ?

2023ರ ಏಪ್ರಿಲ್ 18, ಮಂಗಳವಾರ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಕಚೇರಿಯೊಂದಕ್ಕೆ ಪೊಲೀಸರು ಬಂದರು. ಆರು ಮಂದಿಗೆ ಕಡಿಮೆಯಿಲ್ಲ. ಎಲ್ಲರೂ ರಾಷ್ಟ್ರೀಯ ಕಾರ್ಯಾಚರಣೆ ವಿಭಾಗದವರು, ಕೈಯಲ್ಲಿ ಶೋಧನಾ ವಾರಂಟ್. ಕಚೇರಿ ಮುಲ್ವಾಡ್ ಎಂಬ ವಿಪಿಎನ್ ಕಂಪನಿಯದು. ಗ್ರಾಹಕರ ವಿವರ ಇರುವ ಕಂಪ್ಯೂಟರುಗಳನ್ನು ಜಪ್ತಿ ಮಾಡುವುದು ಅವರ ಉದ್ದೇಶ. ಜರ್ಮನಿಯಲ್ಲಿ ನಡೆಯುತ್ತಿದ್ದ ಒಂದು ತನಿಖೆಗೆ ಅದು ಬೇಕಾಗಿತ್ತು.

ಕಂಪನಿಯವರು ಬಾಗಿಲು ಹಾಕಲಿಲ್ಲ, ವಾದಕ್ಕೂ ಇಳಿಯಲಿಲ್ಲ. ತಮ್ಮ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿದರು. ಇಲ್ಲಿ ಗ್ರಾಹಕನ ಹೆಸರು ಕೇಳುವುದಿಲ್ಲ, ಇಮೇಲ್ ಕೇಳುವುದಿಲ್ಲ. ಖಾತೆ ಎಂದರೆ 16 ಅಂಕಿಗಳ ಒಂದು ಸಂಖ್ಯೆ, ಅಷ್ಟೇ. ತಿಂಗಳಿಗೆ 5 ಯೂರೊ. ಬೇಕಿದ್ದವರು ನೋಟನ್ನೇ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಬಹುದು. ಯಾರು ಯಾವ ತಾಣ ನೋಡಿದರು ಎಂಬ ದಫ್ತರವನ್ನು ಎಲ್ಲೋ ಬಚ್ಚಿಟ್ಟಿದ್ದಲ್ಲ, ಅದನ್ನು ಬರೆದೇ ಇರಲಿಲ್ಲ.

ಪೊಲೀಸರು ಪ್ರಾಸಿಕ್ಯೂಟರ್ ಜತೆ ಮಾತಾಡಿದರು. ಆಮೇಲೆ ಏನನ್ನೂ ತೆಗೆದುಕೊಳ್ಳದೆ ಹೊರಟುಹೋದರು.

ವಿಪಿಎನ್ ಬಗ್ಗೆ ಹೇಳಬೇಕಾದ ಮಾತಿನಲ್ಲಿ ಮುಕ್ಕಾಲು ಪಾಲು ಈ ಪ್ರಸಂಗದಲ್ಲೇ ಇದೆ. ಆದರೆ ಜಾಹೀರಾತಿನಲ್ಲಿ ಇದು ಬರುವುದಿಲ್ಲ. ಅಲ್ಲಿ ಬರುವುದು ಮುಸುಕು ಹಾಕಿದ ಹ್ಯಾಕರ್, ಹಸಿರು ಅಕ್ಷರಗಳ ಮಳೆ, ಮತ್ತೆ ‘ಇವತ್ತೇ ಖರೀದಿಸಿದರೆ ಭಾರಿ ರಿಯಾಯಿತಿ’.

ಈಚೆಗೆ ಈ ಮೂರಕ್ಷರದ ಗದ್ದಲ ಹೆಚ್ಚಿದೆ. 2025ರ ಜುಲೈ 25ರಿಂದ ಬ್ರಿಟನ್ನಿನಲ್ಲಿ ವಯಸ್ಕರ ತಾಣಗಳಿಗೆ ವಯಸ್ಸಿನ ಪರಿಶೀಲನೆ ಕಡ್ಡಾಯವಾಯಿತು. ನೋಡನೋಡುತ್ತಿದ್ದಂತೆ ಅಲ್ಲಿನ ಆ್ಯಪ್ ಸ್ಟೋರಿನ ಪಟ್ಟಿಯಲ್ಲಿ ವಿಪಿಎನ್‌ಗಳು ತುದಿಗೇರಿದವು. ನಮ್ಮಲ್ಲಿ ಯೂಟ್ಯೂಬಿನ ಅಡುಗೆ ಚಾನೆಲ್ಲಿನಿಂದ ಹಿಡಿದು ಪ್ರವಾಸದ ವ್ಲಾಗ್‌ವರೆಗೆ, ನಡುವೆ ಒಂದು ನಿಮಿಷ ‘ನಿಮ್ಮ ಡೇಟಾ ಅಪಾಯದಲ್ಲಿದೆ’ ಎಂಬ ಹೆದರಿಕೆ ಇದ್ದೇ ಇರುತ್ತದೆ. ಹೆದರಿಕೆ ಪೂರಾ ಸುಳ್ಳಲ್ಲ. ಆದರೆ ಪರಿಹಾರ ಅವರು ಹೇಳುವಷ್ಟು ಸರಳವೂ ಅಲ್ಲ.

ಲಕೋಟೆಯೊಳಗೆ ಲಕೋಟೆ

ನಿಮ್ಮ ಫೋನಿನಿಂದ ಹೊರಡುವ ಪ್ರತಿ ಕೋರಿಕೆಯೂ ಮೊದಲು ಮುಟ್ಟುವುದು ಜಿಯೊ, ಏರ್‌ಟೆಲ್, ಬಿಎಸ್‌ಎನ್‌ಎಲ್ ಅಥವಾ ನಿಮ್ಮ ಬೀದಿಯ ಕೇಬಲ್ ನೆಟ್‌ನವರನ್ನು. ಎಲ್ಲಿಗೆ ಹೋಗಬೇಕೆಂದು ಅವರಿಗೆ ಗೊತ್ತಾಗದೆ ಕೋರಿಕೆ ಮುಂದೆ ಹೋಗುವಂತಿಲ್ಲ. ಆದ್ದರಿಂದ ನೀವು ಯಾವ ತಾಣದ ಬಾಗಿಲು ತಟ್ಟಿದಿರಿ ಎಂಬುದು ಅವರ ಕಣ್ಣಿಗೆ ಬೀಳುತ್ತದೆ. ಅತ್ತ ಆ ತಾಣಕ್ಕೆ ನಿಮ್ಮ ಐಪಿ ವಿಳಾಸ ಕಾಣುತ್ತದೆ. ಅದರಿಂದ ನೀವು ಬಳಸುವ ಕಂಪನಿ, ಸುಮಾರಾಗಿ ನಿಮ್ಮ ಊರು ತಿಳಿಯುತ್ತದೆ.

ವಿಪಿಎನ್ ಮಾಡುವುದಿಷ್ಟು: ಪತ್ರವನ್ನು ಇನ್ನೊಂದು ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ತನ್ನದೇ ವಿಳಾಸ ಬರೆಯುತ್ತದೆ. ಅಂಚೆಯವನಿಗೆ ಕಾಣುವುದು ಹೊರಗಿನ ವಿಳಾಸ ಒಂದೇ. ಸಿಂಗಪುರದಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಕೂತ ವಿಪಿಎನ್ ಸರ್ವರ್ ಹೊರ ಲಕೋಟೆ ಒಡೆದು, ಒಳಗಿನದನ್ನು ತನ್ನ ಹೆಸರಿನಲ್ಲಿ ಮುಂದೆ ಕಳಿಸುತ್ತದೆ. ಉತ್ತರ ಬಂದದ್ದೂ ಅದೇ ದಾರಿಯಲ್ಲಿ ಹಿಂದಕ್ಕೆ. ಈ ದಾರಿಗೆ ತಂತ್ರಜ್ಞರು ಇಟ್ಟ ಹೆಸರು ಸುರಂಗ.

ಇದರಿಂದ ಎರಡು ಲಾಭ. ನಿಮಗೆ ಇಂಟರ್‌ನೆಟ್ ಕೊಡುವವರಿಗೆ ನೀವು ಎಲ್ಲಿ ಹೋದಿರಿ ಎಂದು ತಿಳಿಯುವುದಿಲ್ಲ. ನೀವು ಹೋದ ತಾಣಕ್ಕೆ ನೀವು ಎಲ್ಲಿಂದ ಬಂದಿರಿ ಎಂದು ತಿಳಿಯುವುದಿಲ್ಲ. ಮೊದಲನೆಯದು ಸಣ್ಣ ವಿಷಯವಲ್ಲ. ನಮ್ಮ ದೇಶದ ಟೆಲಿಕಾಂ ಪರವಾನಗಿಯ ಷರತ್ತಿನಂತೆ ಸೇವಾದಾತರು ಕರೆ ಮತ್ತು ಇಂಟರ್‌ನೆಟ್ ಬಳಕೆಯ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಕಾಪಿಡಬೇಕು. 2021ರ ಡಿಸೆಂಬರ್‌ಗೆ ಮುಂಚೆ ಇದು ಒಂದು ವರ್ಷವಿತ್ತು.

ಆದರೆ ಹೊರ ಲಕೋಟೆ ಒಡೆಯುವವರು ಒಬ್ಬರಿದ್ದಾರಲ್ಲ, ಅವರಿಗೆ ಎರಡೂ ಗೊತ್ತು. ನೀವು ಯಾರು ಎಂಬುದೂ, ಎಲ್ಲಿಗೆ ಹೊರಟಿರಿ ಎಂಬುದೂ. ಏರ್‌ಟೆಲ್‌ನಿಂದ ಬಚ್ಚಿಟ್ಟದ್ದನ್ನು ನೀವು ಕಂಡು ಕೇಳರಿಯದ ಒಂದು ಕಂಪನಿಗೆ ಒಪ್ಪಿಸಿದ್ದೀರಿ. ಏರ್‌ಟೆಲ್‌ಗಾದರೂ ಇಲ್ಲಿ ಕಚೇರಿಯಿದೆ, ಪರವಾನಗಿಯಿದೆ, ದೂರು ಕೊಡಲು ಒಂದು ಜಾಗವಿದೆ.

ನಿಮ್ಮ ಫೋನು ಈ ಸತ್ಯವನ್ನು ಮುಚ್ಚಿಟ್ಟಿಲ್ಲ ಅನ್ನುವುದು ತಮಾಷೆ. ಆಂಡ್ರಾಯ್ಡ್‌ನಲ್ಲಿ ಯಾವುದೇ ವಿಪಿಎನ್ ಆ್ಯಪನ್ನು ಮೊದಲ ಸಲ ಆನ್ ಮಾಡಿದಾಗ ಒಂದು ಸಣ್ಣ ಚೌಕ ಎದುರಾಗುತ್ತದೆ. ಈ ಆ್ಯಪ್ ನಿಮ್ಮ ನೆಟ್‌ವರ್ಕ್ ಸಂಚಾರದ ಮೇಲೆ ಕಣ್ಣಿಡಬಲ್ಲದು, ಮೂಲದ ಮೇಲೆ ನಂಬಿಕೆ ಇದ್ದರಷ್ಟೇ ಒಪ್ಪಿಕೊಳ್ಳಿ ಎಂದು ಅದರಲ್ಲಿ ಬರೆದಿರುತ್ತದೆ. ಕೆಳಗೆ ‘ಓಕೆ’. ಆ ಎರಡು ಸಾಲು ಓದಿ ಒತ್ತಿದವರನ್ನು ನಾನಂತೂ ಕಂಡಿಲ್ಲ.

ಐಪಿ ಬದಲಾದರೆ ಸಾಕೇ?

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಫೋನಿನ ಬ್ರೌಸರಿನಲ್ಲಿ ‘ನನ್ನ ಐಪಿ ವಿಳಾಸ ಏನು’ ಎಂದು ಹುಡುಕಿ, ಬಂದ ತಾಣವೊಂದನ್ನು ತೆರೆಯಿರಿ. ನಿಮ್ಮ ಕಂಪನಿಯ ಹೆಸರು, ಪಕ್ಕದಲ್ಲಿ ‘ಬೆಂಗಳೂರು’ ಎಂದು ಬರುತ್ತದೆ. ನೀವು ಹಾವೇರಿಯಲ್ಲಿದ್ದರೂ ಎಷ್ಟೋ ಸಲ ಬೆಂಗಳೂರೇ ಬರುತ್ತದೆ, ಅದು ಬೇರೆ ಮಾತು. ಈಗ ವಿಪಿಎನ್ ಆನ್ ಮಾಡಿ, ದೇಶ ನೆದರ್ಲೆಂಡ್ಸ್ ಎಂದು ಆರಿಸಿ, ಪುಟವನ್ನು ಮತ್ತೆ ತೆರೆಯಿರಿ. ಊರು ಆಮ್‌ಸ್ಟರ್‌ಡ್ಯಾಮ್. ರೋಮಾಂಚನ!

ಹಾಗೇ ಮ್ಯಾಪ್ ತೆರೆಯಿರಿ. ನೀಲಿ ಚುಕ್ಕಿ ನಿಮ್ಮ ಮನೆಯ ಮೇಲೇ ಮಿಣುಕುತ್ತಿದೆ. ಜಿಪಿಎಸ್‌ಗೂ ಐಪಿ ವಿಳಾಸಕ್ಕೂ ಸಂಬಂಧವಿಲ್ಲ. ಶಾಪಿಂಗ್ ಆ್ಯಪ್ ತೆರೆಯಿರಿ. ಅದು ನಿಮ್ಮ ಹೆಸರು ಹಿಡಿದು ಕರೆಯುತ್ತದೆ, ನಿನ್ನೆ ನೋಡಿದ ಮಿಕ್ಸಿಯನ್ನು ಮತ್ತೆ ಮುಂದಿಡುತ್ತದೆ. ನೀವು ಲಾಗಿನ್ ಆಗಿದ್ದೀರಲ್ಲ! ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಯಾವುದಕ್ಕೂ ನಿಮ್ಮನ್ನು ಗುರುತಿಸಲು ಐಪಿ ಬೇಕಿಲ್ಲ. ಕುಕಿಗಳಿವೆ, ಖಾತೆಯಿದೆ, ಫೋನಿನ ಜಾಹೀರಾತು ಗುರುತು ಇದೆ.

ಇದೆಲ್ಲ ಅಳಿಸಿದರೂ ಬ್ರೌಸರಿನ ಚಹರೆ ಉಳಿಯುತ್ತದೆ. ಪರದೆಯ ಅಳತೆ, ಫಾಂಟುಗಳು, ಭಾಷೆ, ಸಮಯವಲಯ, ಬ್ರೌಸರಿನ ಆವೃತ್ತಿ ಎಲ್ಲ ಸೇರಿದರೆ ಎಷ್ಟೋ ವೇಳೆ ನಿಮ್ಮಂಥ ಯಂತ್ರ ಇನ್ನೊಂದಿರುವುದಿಲ್ಲ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ 2010ರಲ್ಲೇ ಪ್ರಯೋಗ ಮಾಡಿ ಇದನ್ನು ತೋರಿಸಿತ್ತು. ನೆದರ್ಲೆಂಡ್ಸ್‌ನ ಐಪಿ, ಭಾರತದ ಸಮಯ, ಕನ್ನಡ ಫಾಂಟು: ಇಂಥ ಜೋಡಣೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಎಷ್ಟು ಮಂದಿಗೆ ಇದ್ದೀತು? ಮರೆಯಾಗಲು ಹೋಗಿ ಇನ್ನಷ್ಟು ಎದ್ದು ಕಾಣುವ ಪರಿಸ್ಥಿತಿ.

ವೈರಸ್ ತಡೆಯುವುದು, ‘ನಿಮ್ಮ ಕೆವೈಸಿ ಅವಧಿ ಮುಗಿದಿದೆ’ ಎಂದು ಬರುವ ಮೋಸದ ಲಿಂಕು ತಡೆಯುವುದು, ಡಿಜಿಟಲ್ ಅರೆಸ್ಟ್ ಖದೀಮರ ಕರೆ ತಡೆಯುವುದು, ಇವು ಯಾವುವೂ ಸುರಂಗದ ಕೆಲಸವಲ್ಲ. ಒಟಿಪಿಯನ್ನು ನೀವೇ ಓದಿ ಹೇಳಿದರೆ ಅದು ಎಷ್ಟೇ ಭದ್ರವಾದ ಸುರಂಗದಲ್ಲಿ ಹೋದರೂ ದುಡ್ಡು ಹೋದದ್ದೇ.

ಕಾಫಿ ಅಂಗಡಿಯ ಹಳೇ ಭೂತ

ಜಾಹೀರಾತುಗಳ ಅಚ್ಚುಮೆಚ್ಚಿನ ದೃಶ್ಯ ಕಾಫಿ ಅಂಗಡಿಯ ವೈಫೈ. ಮೂಲೆ ಮೇಜಿನಲ್ಲಿ ಕೂತ ಕಳ್ಳ ನಿಮ್ಮ ಬ್ಯಾಂಕ್ ಪಾಸ್‌ವರ್ಡನ್ನು ಗಾಳಿಯಲ್ಲೇ ಹಿಡಿಯುತ್ತಾನಂತೆ.

ಒಂದು ಕಾಲಕ್ಕೆ ಇದು ನಿಜವಾಗಿತ್ತು. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬ ತಂತ್ರಜ್ಞ ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶ ಬಿಡುಗಡೆ ಮಾಡಿದ. ಒಂದೇ ವೈಫೈನಲ್ಲಿ ಕೂತವರ ಫೇಸ್‌ಬುಕ್, ಟ್ವಿಟರ್ ಖಾತೆಗಳೊಳಗೆ ಯಾರು ಬೇಕಾದರೂ ಎರಡು ಕ್ಲಿಕ್ಕಿನಲ್ಲಿ ನುಗ್ಗುವಂತಾಯಿತು. ದೊಡ್ಡ ಕಂಪನಿಗಳ ನಿರ್ಲಕ್ಷ್ಯವನ್ನು ಬಯಲಿಗೆಳೆಯುವುದೇ ಅವನ ಉದ್ದೇಶ. ಫಲ ಸಿಕ್ಕಿತು. ಮುಂದಿನ ಕೆಲವೇ ವರ್ಷಗಳಲ್ಲಿ ಫೇಸ್‌ಬುಕ್, ಟ್ವಿಟರ್ ಎರಡೂ ಎನ್‌ಕ್ರಿಪ್ಷನ್ನಿಗೆ ಬದಲಾದವು. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಭದ್ರತಾ ಪ್ರಮಾಣಪತ್ರಗಳನ್ನು ಪುಕ್ಕಟೆ ಹಂಚತೊಡಗಿದ ಮೇಲೆ ಸಣ್ಣಪುಟ್ಟ ತಾಣಗಳೂ ಅದೇ ದಾರಿ ಹಿಡಿದವು. ಇಂದು ವೆಬ್ಬಿನ ಬಹುಪಾಲು ಸಂಚಾರ ವಿಪಿಎನ್ ಇರಲಿ ಬಿಡಲಿ ಗೂಢಲಿಪಿಯಲ್ಲೇ ಸಾಗುತ್ತದೆ.

ಅಂದರೆ ಮೆಜೆಸ್ಟಿಕ್ಕಿನ ರೈಲು ನಿಲ್ದಾಣದ ವೈಫೈನಲ್ಲಿ ಬ್ಯಾಂಕಿನ ಆ್ಯಪ್ ತೆರೆದರೆ ನಿಮ್ಮ ಪಾಸ್‌ವರ್ಡ್ ಪಕ್ಕದವನಿಗೆ ಕಾಣುವುದಿಲ್ಲ. ನೀವು ಯಾವ ಬ್ಯಾಂಕಿನ ಗ್ರಾಹಕ ಎಂಬುದು ಮಾತ್ರ ವೈಫೈ ನಡೆಸುವವರಿಗೆ ಗೊತ್ತಾದೀತು.

ಆ ‘ಮಾತ್ರ’ವನ್ನೂ ಹಗುರವಾಗಿ ತಳ್ಳಿಹಾಕಬೇಡಿ. ಒಬ್ಬಾಕೆ ರಾತ್ರಿ ಹನ್ನೊಂದಕ್ಕೆ ಕೌಟುಂಬಿಕ ದೌರ್ಜನ್ಯ ಸಹಾಯವಾಣಿಯ ತಾಣ ತೆರೆದಳು, ಹನ್ನೊಂದೂ ಕಾಲಿಗೆ ವಕೀಲರೊಬ್ಬರ ತಾಣ, ಹನ್ನೊಂದೂವರೆಗೆ ಬಸ್ ಟಿಕೆಟಿನ ತಾಣ. ಯಾವ ಪುಟವನ್ನೂ ಓದಬೇಕಿಲ್ಲ, ಮೂರು ಹೆಸರು ಸಾಕು ಕತೆ ಹೇಳಲು. ವಿಪಿಎನ್ ಮುಚ್ಚುವುದು ಈ ಹೆಸರುಗಳ ಸಾಲನ್ನು. ಇಂಥವಳಿಗೆ ಅದು ಶೋಕಿಯಲ್ಲ, ಅಗತ್ಯ. ಆದರೆ ಅವಳ ಫೋನನ್ನೇ ಗಂಡ ತೆಗೆದು ನೋಡುವವನಾದರೆ ವಿಪಿಎನ್ ಏನೂ ಮಾಡಲಾರದು.

■ ಚೌಕಟ್ಟು: ಹುಟ್ಟಿದ್ದು ಆಫೀಸಿಗಾಗಿ

● ವಿಪಿಎನ್ ಗೋಪ್ಯತೆಗಾಗಿ ಹುಟ್ಟಿದ್ದಲ್ಲ. ಹೊರಗಿರುವ ನೌಕರ ಕಂಪನಿಯ ಒಳಜಾಲಕ್ಕೆ ಸೇರಲಿ ಎಂದು 1996ರಲ್ಲಿ ಮೈಕ್ರೊಸಾಫ್ಟ್‌ನ ಗುರ್‌ದೀಪ್ ಸಿಂಗ್ ಪಾಲ್ ಮತ್ತು ಸಂಗಡಿಗರು ಪಿಪಿಟಿಪಿ ಎಂಬ ವಿಧಾನ ರೂಪಿಸಿದರು. ಇಂದು ಅದು ಭದ್ರವಲ್ಲ.

● ಮಧ್ಯ ಏಷ್ಯಾದಲ್ಲಿ ಸುತ್ತುತ್ತ ದೂರದಿಂದಲೇ ಕೆಲಸ ಮಾಡುತ್ತಿದ್ದ ಜೇಮ್ಸ್ ಯೋನನ್‌ಗೆ ದಾರಿಯಲ್ಲಿನ ನೆಟ್‌ವರ್ಕುಗಳ ಮೇಲೆ ನಂಬಿಕೆ ಬರಲಿಲ್ಲ. 2001ರಲ್ಲಿ ಓಪನ್‌ವಿಪಿಎನ್ ಬಂದದ್ದು ಹಾಗೆ.

● ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಸುಮಾರು 4,000 ಸಾಲುಗಳ ಪುಟ್ಟ ಸಂಕೇತ. 2020ರ ಮಾರ್ಚ್‌ನಲ್ಲಿ ಲಿನಕ್ಸಿನೊಳಗೇ ಸೇರಿಕೊಂಡಿತು.

● ಅದೇ ಮಾರ್ಚ್‌ನಲ್ಲಿ ಕೋವಿಡ್ ಹಾವಳಿ ಜೋರಾಯಿತು. ಮನೆಯಿಂದ ಕೆಲಸಕ್ಕೆ ಇದ್ದ ಸುರಕ್ಷಾ ಠೇವಣಿ, ಅಧಿಕೃತ ವಿಪಿಎನ್ ಮೊದಲಾದ ನಿಯಮಗಳನ್ನು ದೂರಸಂಪರ್ಕ ಇಲಾಖೆ ಸಡಿಲಿಸಿತು. ಬೆಂಗಳೂರಿನ ಮನೆಮನೆಯಲ್ಲಿ ‘ವಿಪಿಎನ್ ಕನೆಕ್ಟ್ ಆಗ್ತಿಲ್ಲ’ ಎಂಬುದು ದಿನದ ಮಾತಾಯಿತು.

ಪುಕ್ಕಟೆಯ ಹಿಂದಿನ ಲೆಕ್ಕ

ಸಾವಿರಾರು ಸರ್ವರ್, ಹಲವು ದೇಶಗಳಲ್ಲಿ ಬಾಡಿಗೆ, ಕೋಟ್ಯಂತರ ಜನರ ವಿಡಿಯೊ ಸಂಚಾರ. ಇಷ್ಟು ಖರ್ಚಿನ ಸೇವೆಯನ್ನು ಯಾರಾದರೂ ಬಿಟ್ಟಿ ಕೊಡುತ್ತಾರೆಂದರೆ ದುಡ್ಡು ಬೇರೆಲ್ಲಿಂದಲೋ ಬರುತ್ತಿರಬೇಕು. ಎಲ್ಲಿಂದ?

ಮೊದಲ ಉತ್ತರ ಒನಾವೊ. ಇಸ್ರೇಲಿನ ಈ ಪುಟ್ಟ ಕಂಪನಿಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡಿತು. ‘ಒನಾವೊ ಪ್ರೊಟೆಕ್ಟ್’ ಎಂಬ ಬಿಟ್ಟಿ ವಿಪಿಎನ್ ನಿಮ್ಮ ಮಾಹಿತಿಯನ್ನು ಕಾಯುತ್ತದೆ ಎಂದು ಪ್ರಚಾರ. ಕಾಯುವ ನೆಪದಲ್ಲಿ ಅದು ಜನ ಯಾವ ಆ್ಯಪನ್ನು ಎಷ್ಟು ಹೊತ್ತು ಬಳಸುತ್ತಾರೆ ಎಂದು ಫೇಸ್‌ಬುಕ್ಕಿಗೆ ವರದಿ ಮಾಡುತ್ತಿತ್ತು. 2018ರ ಡಿಸೆಂಬರಿನಲ್ಲಿ ಬ್ರಿಟಿಷ್ ಸಂಸತ್ ಸಮಿತಿ ಬಹಿರಂಗಪಡಿಸಿದ ಕಾಗದಪತ್ರಗಳಲ್ಲಿ ಒನಾವೊ ಆಧಾರಿತ ನಕ್ಷೆಗಳಿದ್ದವು. ವಾಟ್ಸ್‌ಆ್ಯಪ್ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. 2014ರಲ್ಲಿ ಫೇಸ್‌ಬುಕ್ ವಾಟ್ಸ್‌ಆ್ಯಪ್ ಖರೀದಿ ಘೋಷಿಸಿದಾಗ 1,900 ಕೋಟಿ ಡಾಲರ್ ಹುಚ್ಚು ಬೆಲೆ ಎಂದು ಲೋಕವೆಲ್ಲ ಆಡಿಕೊಂಡಿತ್ತು. ಕೊಂಡವರ ಹತ್ತಿರ ಲೋಕಕ್ಕೆ ಇಲ್ಲದ ಲೆಕ್ಕವಿತ್ತು.

ಆ್ಯಪಲ್ 2018ರಲ್ಲಿ ಒನಾವೊವನ್ನು ತನ್ನ ಆ್ಯಪ್ ಸ್ಟೋರಿನಿಂದ ಹೊರಹಾಕಿಸಿತು, ಮರುವರ್ಷ ಅದು ಮುಚ್ಚಿತು. 2023ರ ಜುಲೈನಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಗ್ರಾಹಕರನ್ನು ದಾರಿ ತಪ್ಪಿಸಿದ್ದಕ್ಕೆ ಫೇಸ್‌ಬುಕ್ಕಿನ ಒಡೆಯ ಕಂಪನಿ ಮೆಟಾದ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಅಷ್ಟು ಹೊತ್ತಿಗೆ ವಾಟ್ಸ್‌ಆ್ಯಪ್ ನಮ್ಮ ಹಾಲಿನವನಿಂದ ಹೈಕೋರ್ಟ್ ವಕೀಲರವರೆಗೆ ಎಲ್ಲರ ಕೈಯಲ್ಲಿತ್ತು.

ಎರಡನೆಯ ಉತ್ತರ ಇನ್ನೂ ಘೋರ. ಕೆಲವು ಬಿಟ್ಟಿ ವಿಪಿಎನ್‌ಗಳು ನಿಮ್ಮ ಸಂಪರ್ಕವನ್ನೇ ಬಾಡಿಗೆಗೆ ಕೊಡುತ್ತವೆ. ಯಾರೋ ಅಪರಿಚಿತರ ಸಂಚಾರ ನಿಮ್ಮ ಮನೆಯ ಐಪಿಯಿಂದ ಹೊರಹೋಗುತ್ತದೆ. 2015ರಲ್ಲಿ ಹೋಲಾ ಎಂಬ ಸೇವೆ ಹೀಗೆ ಬಳಕೆದಾರರ ಸಂಪರ್ಕವನ್ನು ಇನ್ನೊಂದು ಹೆಸರಿನಲ್ಲಿ ಮಾರುತ್ತಿರುವುದು ಬಯಲಾಯಿತು. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ‘911 ಎಸ್5’ ಎಂಬ ಜಾಲವನ್ನು ಕೆಡವಿತು. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್, ಶೈನ್‌ವಿಪಿಎನ್ ಮೊದಲಾದ ಬಿಟ್ಟಿ ಆ್ಯಪ್‌ಗಳ ಮೂಲಕ ಅದು ಜಗತ್ತಿನಾದ್ಯಂತ 1.9 ಕೋಟಿ ಐಪಿ ವಿಳಾಸಗಳಿಗೆ ಸೇರಿದ ಯಂತ್ರಗಳನ್ನು ವಶಮಾಡಿಕೊಂಡಿತ್ತು. ವಂಚನೆ, ಬಾಂಬ್ ಬೆದರಿಕೆಯಂಥ ಕೃತ್ಯಗಳಿಗೆ ಅವನ್ನು ಬಾಡಿಗೆಗೆ ಬಿಡುತ್ತಿದ್ದರು. ಪೊಲೀಸರು ಐಪಿ ಹಿಡಿದು ಬಂದರೆ ತಲುಪುವುದು ಯಾರ ಮನೆಯ ಬಾಗಿಲಿಗೆ, ಯೋಚಿಸಿ.

ಆಸ್ಟ್ರೇಲಿಯಾದ ಸಿಎಸ್ಐಆರ್‌ಒ ಸಂಸ್ಥೆಯ ಸಂಶೋಧಕರು ಇತರರೊಡನೆ ಸೇರಿ 2016ರಲ್ಲಿ 283 ಆಂಡ್ರಾಯ್ಡ್ ವಿಪಿಎನ್ ಆ್ಯಪ್‌ಗಳನ್ನು ಬಿಚ್ಚಿ ನೋಡಿದ್ದರು. ಶೇ 38ರಲ್ಲಿ ಕುತಂತ್ರಾಂಶದ ಸುಳಿವು ಸಿಕ್ಕಿತು. ಶೇ 18ರಷ್ಟು ಆ್ಯಪ್‌ಗಳಲ್ಲಿ ಎನ್‌ಕ್ರಿಪ್ಷನ್ನೇ ಇರಲಿಲ್ಲ. ಸುರಂಗವೆಂಬ ಬೋರ್ಡು, ಒಳಗೆ ಬಟ್ಟಬಯಲು.

‘ನಾವು ಏನನ್ನೂ ಬರೆದಿಡುವುದಿಲ್ಲ’

ಹಾಗಾದರೆ ದುಡ್ಡು ಕೊಟ್ಟು ಕೊಳ್ಳೋಣ. ಎಲ್ಲ ಕಂಪನಿಗಳೂ ‘ನೋ ಲಾಗ್ಸ್’ ಎಂದು ದಪ್ಪಕ್ಷರದಲ್ಲಿ ಹಾಕಿರುತ್ತವೆ. ಈ ಮಾತು ನಿಜವೋ ಸುಳ್ಳೋ ಎಂದು ಗ್ರಾಹಕ ತನ್ನ ಕೋಣೆಯಲ್ಲಿ ಕೂತು ಪರೀಕ್ಷಿಸುವಂತಿಲ್ಲ. ಅದು ತಿಳಿಯುವುದು ಪೊಲೀಸರು ಬಂದಾಗ, ಇಲ್ಲವೇ ಕಳ್ಳತನವಾದಾಗ.

2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಯುವತಿಯೊಬ್ಬಳನ್ನು ಆನ್‌ಲೈನಿನಲ್ಲಿ ಕಾಡುತ್ತಿದ್ದವನನ್ನು ಎಫ್‌ಬಿಐ ಹಿಡಿಯಿತು. ಹಿಡಿಯಲು ನೆರವಾದದ್ದು ಪ್ಯೂರ್‌ವಿಪಿಎನ್ ಕೊಟ್ಟ ದಾಖಲೆ. ಅದು ಲಾಗ್ ಇಡುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದ ಕಂಪನಿ. ಆರೋಪಿ ಸಿಕ್ಕಿಬಿದ್ದದ್ದಕ್ಕೆ ಯಾರಿಗೂ ಬೇಸರವಿಲ್ಲ, ನನಗಂತೂ ಇಲ್ಲ. ಆದರೆ ದಫ್ತರ ಇತ್ತು ಎಂಬುದು ಸಾಬೀತಾಯಿತು. 2020ರ ಜುಲೈನಲ್ಲಿ ಹಾಂಕಾಂಗಿನ ಯುಎಫ್‌ಒ ವಿಪಿಎನ್ ಸೇರಿದಂತೆ ಏಳು ಸೇವೆಗಳ 1.2 ಟೆರಾಬೈಟ್ ಮಾಹಿತಿ ಬೀಗವಿಲ್ಲದೆ ಅಂತರ್ಜಾಲದಲ್ಲಿ ಬಿದ್ದಿತ್ತು. ಏಳೂ ‘ನೋ ಲಾಗ್ಸ್’ ಪಂಗಡದವೇ. ಪಾಸ್‌ವರ್ಡುಗಳು ಕೂಡ ಸಾದಾ ಅಕ್ಷರಗಳಲ್ಲಿ ಓದುವಂತಿದ್ದವು.

ಮಾತು ಉಳಿಸಿಕೊಂಡವರೂ ಇದ್ದಾರೆ. 2016ರ ಡಿಸೆಂಬರ್ 19ರಂದು ಅಂಕಾರಾದಲ್ಲಿ ರಷ್ಯಾದ ರಾಯಭಾರಿ ಆಂದ್ರೇ ಕಾರ್ಲೊವ್ ಅವರನ್ನು ಗುಂಡಿಟ್ಟು ಕೊಂದರು. ಹಂತಕನ ಆನ್‌ಲೈನ್ ಖಾತೆಗಳನ್ನು ಯಾರೋ ವಿಪಿಎನ್ ಮೂಲಕ ಅಳಿಸಿಹಾಕಿದ್ದರು. ಟರ್ಕಿಯ ತನಿಖಾಧಿಕಾರಿಗಳು ಎಕ್ಸ್‌ಪ್ರೆಸ್‌ವಿಪಿಎನ್‌ನ ಸರ್ವರ್ ಜಪ್ತಿ ಮಾಡಿದರು. ಅದರಲ್ಲಿ ಪ್ರಯೋಜನಕ್ಕೆ ಬರುವಂಥದ್ದು ಏನೂ ಸಿಗಲಿಲ್ಲ. ಕೊಲೆ ತನಿಖೆಗೆ ಇದು ತೊಡಕು, ಗ್ರಾಹಕನಿಗೆ ಭರವಸೆ. ಎರಡೂ ಒಂದೇ ಸರ್ವರಿನ ಗುಣ. ಖಾಸಗಿತನದ ಪರ ವಾದಿಸುವವರು ಈ ಇರುಸುಮುರುಸನ್ನು ಮುಚ್ಚಿಡಬಾರದು.

ಅದೇ ಎಕ್ಸ್‌ಪ್ರೆಸ್‌ವಿಪಿಎನ್ 2021ರ ಸೆಪ್ಟೆಂಬರಿನಲ್ಲಿ 93.6 ಕೋಟಿ ಡಾಲರಿಗೆ ಕೇಪ್ ಟೆಕ್ನಾಲಜೀಸ್ ಪಾಲಾಯಿತು. ಕೇಪ್‌ನ ಹಳೆಯ ಹೆಸರು ಕ್ರಾಸ್‌ರೈಡರ್. ಬ್ರೌಸರುಗಳಿಗೆ ಜಾಹೀರಾತು ತುರುಕುವವರು ಧಾರಾಳವಾಗಿ ಬಳಸಿಕೊಂಡ ವೇದಿಕೆ ಅದು. ಸೈಬರ್‌ಗೋಸ್ಟ್, ಪ್ರೈವೇಟ್ ಇಂಟರ್‌ನೆಟ್ ಆಕ್ಸೆಸ್ ಕೂಡ ಅವರದೇ. ಹಳೆಯದನ್ನೆಲ್ಲ ಬಿಟ್ಟಿದ್ದೇವೆ ಎನ್ನುತ್ತಾರೆ. ಇರಬಹುದು. ಗ್ರಾಹಕ ಆರಿಸಿದ್ದು ಒಬ್ಬರನ್ನು, ಈಗ ಸುರಂಗದ ತುದಿಯಲ್ಲಿ ಕೂತವರು ಇನ್ನೊಬ್ಬರು.

ದೆಹಲಿಯ ಆದೇಶ, ಸಿಂಗಪುರದ ‘ಭಾರತ’

ನಮ್ಮ ಸರ್ಕಾರ ಕೈ ಹಾಕಿದ್ದೂ ಈ ದಫ್ತರಕ್ಕೇ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ–ಇನ್ ಒಂದು ನಿರ್ದೇಶನ ಹೊರಡಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ಖಚಿತಪಡಿಸಿಕೊಂಡ ವಿಳಾಸ, ಫೋನು, ಇಮೇಲ್, ಕೊಟ್ಟ ಐಪಿ, ಸೇವೆ ಪಡೆದ ಉದ್ದೇಶ ಎಲ್ಲವನ್ನೂ ಐದು ವರ್ಷ ಇಟ್ಟುಕೊಂಡಿರಬೇಕು. ಗ್ರಾಹಕ ಬಿಟ್ಟುಹೋದ ಮೇಲೂ. ಆಫೀಸುಗಳ ಒಳಗಿನ ವಿಪಿಎನ್‌ಗೆ ಇದು ಅನ್ವಯಿಸದು ಎಂದು ಆಮೇಲೆ ಸ್ಪಷ್ಟನೆ ಬಂತು. ಬೆಂಗಳೂರಿನ ಐಟಿ ಕಂಪನಿಗಳು ನಿಟ್ಟುಸಿರು ಬಿಟ್ಟವು. ಉಳಿದವರು ಪಾಲಿಸಬೇಕು, ಇಲ್ಲವೇ ಹೊರಡಬಹುದು ಎಂಬ ಧಾಟಿಯಲ್ಲಿ ಅಂದಿನ ಐಟಿ ರಾಜ್ಯ ಸಚಿವ ರಾಜೀವ್ ಚಂದ್ರಶೇಖರ್ ಹೇಳಿದರು.

ಹೊರಟರು. ಜೂನ್ ಮೊದಲ ವಾರ ಎಕ್ಸ್‌ಪ್ರೆಸ್‌ವಿಪಿಎನ್, ಹಿಂದೆಯೇ ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್, ಸೆಪ್ಟೆಂಬರಿನಲ್ಲಿ ಪ್ರೋಟಾನ್ ತಮ್ಮ ಸರ್ವರುಗಳನ್ನು ಭಾರತದಿಂದ ಕಿತ್ತುಕೊಂಡು ಹೋದವು. ಹೋದವರಲ್ಲಿ ಕೆಲವರ ಆ್ಯಪಿನಲ್ಲಿ ‘ಇಂಡಿಯಾ’ ಎಂಬ ಆಯ್ಕೆ ಉಳಿದುಕೊಂಡಿತು. ತ್ರಿವರ್ಣ ಧ್ವಜದ ಚಿತ್ರದ ಮೇಲೆ ಒತ್ತಿದರೆ ಭಾರತದ ಐಪಿ ಸಿಗುತ್ತದೆ, ಸರ್ವರ್ ಮಾತ್ರ ಸಿಂಗಪುರದಲ್ಲೋ ಲಂಡನ್ನಿನಲ್ಲೋ ಇರುತ್ತದೆ. ಗ್ರಾಹಕರೂ ಉಳಿದರು, ವ್ಯಾಪಾರವೂ ಉಳಿಯಿತು. ಅಪರಾಧಿಗಳ ಜಾಡು ಹಿಡಿಯಲು ಮಾಡಿದ ನಿಯಮದಿಂದ ಜಾಡೇ ದೇಶದಾಚೆ ಹೋಯಿತು. ಇದಕ್ಕಿಂತ ಕೆಟ್ಟ ವಿನಿಮಯ ಸುಲಭಕ್ಕೆ ಸಿಗದು.

2025ರ ಜನವರಿಯಲ್ಲಿ ಕೇಂದ್ರದ ಆದೇಶದ ಮೇರೆಗೆ ಕ್ಲೌಡ್‌ಫ್ಲೇರ್‌ನ ‘1.1.1.1’ ಸೇರಿ ಹಲವು ಆ್ಯಪ್‌ಗಳು ನಮ್ಮ ಆ್ಯಪ್ ಸ್ಟೋರುಗಳಿಂದ ಮಾಯವಾದವು. ಹಾಗೆಂದು ವಿಪಿಎನ್ ಭಾರತದಲ್ಲಿ ಕಾನೂನುಬಾಹಿರವಲ್ಲ. ಅದರ ಮರೆಯಲ್ಲಿ ಮಾಡಿದ ಅಪರಾಧ ಅಪರಾಧವೇ, ಅಷ್ಟೇ. ಜಮ್ಮು–ಕಾಶ್ಮೀರದ ಕತೆ ಬೇರೆ. 2020ರ ಜನವರಿಯಲ್ಲಿ ಅಲ್ಲಿ ಬಂದ್ ಆಗಿದ್ದ ಮೊಬೈಲ್ ಇಂಟರ್‌ನೆಟ್ 2ಜಿಯಾಗಿ ಮರಳಿದಾಗ ತೆರೆಯಲು ಅನುಮತಿ ಇದ್ದದ್ದು 301 ತಾಣಗಳು ಮಾತ್ರ, ಸಾಮಾಜಿಕ ಮಾಧ್ಯಮ ಪೂರಾ ಬಂದ್. ಜನ ವಿಪಿಎನ್ ಮೊರೆಹೋದರು. ಫೆಬ್ರುವರಿಯಲ್ಲಿ ಶ್ರೀನಗರದ ಸೈಬರ್ ಪೊಲೀಸರು ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯನ್ನೂ (ಯುಎಪಿಎ) ಸೇರಿಸಿ ಎಫ್‌ಐಆರ್ ಹಾಕಿದರು. 2025ರಲ್ಲೂ ಅಲ್ಲಿನ ಕೆಲವು ಜಿಲ್ಲೆಗಳಲ್ಲಿ ವಿಪಿಎನ್ ನಿಷೇಧದ ಆದೇಶಗಳು ಹೊರಟವು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿ ಆ ತೀರ್ಪಿಗೆ ತಮ್ಮ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರಿಗೆ 91 ವರ್ಷ. ಆ ಹಕ್ಕನ್ನು ಮೊಟಕುಗೊಳಿಸಬೇಕಾದರೆ ಕಾನೂನು ಇರಬೇಕು, ಉದ್ದೇಶ ನ್ಯಾಯಬದ್ಧವಾಗಿರಬೇಕು, ಕ್ರಮ ಅಗತ್ಯ ಮೀರಬಾರದು ಎಂಬ ಅಳತೆಗೋಲು ಆ ತೀರ್ಪಿನಲ್ಲಿದೆ. ಎಲ್ಲ ಗ್ರಾಹಕರ ದಫ್ತರವನ್ನು ಐದು ವರ್ಷ ಇಡಿ ಎನ್ನುವುದು ಆ ಅಳತೆಗೆ ಹೊಂದುತ್ತದೆಂದು ನನಗೆ ಅನಿಸುವುದಿಲ್ಲ.

■ ಚೌಕಟ್ಟು: ದುಬೈಗೆ ಹೊರಟಿದ್ದೀರಾ?

● ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಇದು ಗೊತ್ತಿರುವ ವಿಷಯ: ಯುಎಇಯಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ಗಳಲ್ಲೇ ಮಾತಾಡಬೇಕು.

● ವಿಪಿಎನ್ ಹಾಕಿ ಮಾತಾಡಿದರಾಯಿತು ಎಂಬ ಸಲಹೆ ಧಾರಾಳ ಸಿಗುತ್ತದೆ. ಅಪರಾಧ ಎಸಗಲು ಅಥವಾ ಮುಚ್ಚಿಡಲು ಐಪಿ ಮರೆಮಾಚಿದರೆ ಅಲ್ಲಿನ ಕಾನೂನಿನಲ್ಲಿ ಜೈಲು ಅಥವಾ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡಕ್ಕೆ ಅವಕಾಶವಿದೆ. ಕನಿಷ್ಠ ದಂಡವೇ ಒಂದು ಕೋಟಿ ರೂಪಾಯಿ ದಾಟುತ್ತದೆ.

● ಕಂಪನಿಯ ಕೆಲಸಕ್ಕೆ ವಿಪಿಎನ್ ಬಳಸಲು ಅಡ್ಡಿಯಿಲ್ಲ.

● ಹೊರನಾಡ ಕನ್ನಡಿಗರಿಗೆ ಉಲ್ಟಾ ತಾಪತ್ರಯವೂ ಇದೆ. ನಮ್ಮ ಎಷ್ಟೋ ಸರ್ಕಾರಿ ಜಾಲತಾಣಗಳು ವಿದೇಶಿ ಐಪಿಯಿಂದ ತೆರೆಯುವುದೇ ಇಲ್ಲ. ಊರಿನ ಕಾಗದಪತ್ರ ನೋಡಲು ಅವರಿಗೆ ಭಾರತದ ಐಪಿ ಬೇಕು.

ಹಾಗಾದರೆ ಯಾರಿಗೆ ಬೇಕು?

ಮೂಲವನ್ನು ಕಾಪಾಡಬೇಕಾದ ಪತ್ರಕರ್ತರಿಗೆ, ಹೋಟೆಲ್ ಹೋಟೆಲಿನ ವೈಫೈ ಮೇಲೆ ದಿನದೂಡುವವರಿಗೆ, ಪಿಜಿಯ ಮಾಲೀಕನೇ ನೆಟ್ ಕೊಡುವ ಕಡೆ ಇರುವ ಹುಡುಗಿಯರಿಗೆ, ತಾನು ನೋಡುವ ತಾಣಗಳ ಪಟ್ಟಿ ಟೆಲಿಕಾಂ ಕಂಪನಿಯಲ್ಲಿ ಇರುವುದು ಬೇಡ ಎನ್ನುವ ಯಾರಿಗಾದರೂ ಒಳ್ಳೆಯ ವಿಪಿಎನ್ ಉಪಯುಕ್ತ. ಮನೆಯಲ್ಲಿ ಕೂತು ಫೇಸ್‌ಬುಕ್ ನೋಡುತ್ತ ‘ಯಾರೂ ನನ್ನನ್ನು ಗಮನಿಸಬಾರದು’ ಎಂದು ಕೊಳ್ಳುವವರಿಗೆ ದುಡ್ಡು ದಂಡ. ಇನ್ನೊಂದು ಕಿರಿಕಿರಿ: ವಿಪಿಎನ್ ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ಮುನಿಸಿಕೊಳ್ಳುತ್ತವೆ.

ಒಬ್ಬರ ಕೈಗೇ ಎರಡೂ ಗುಟ್ಟು ಕೊಡದ ಉಪಾಯಗಳೂ ಇವೆ. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಬೇರೂರಿದ ಟಾರ್ ಜಾಲ ನಿಮ್ಮ ಕೋರಿಕೆಯನ್ನು ಮೂರು ಯಂತ್ರಗಳ ಮೂಲಕ ದಾಟಿಸುತ್ತದೆ. ಮೊದಲನೆಯದಕ್ಕೆ ನೀವು ಯಾರೆಂದು ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ಬಿಟ್ಟಿಯೇ, ಆದರೆ ನಿಧಾನ. ಆ್ಯಪಲ್ 2021ರಲ್ಲಿ ತಂದ ಪ್ರೈವೇಟ್ ರಿಲೇ ಇದೇ ತತ್ವದ ಎರಡು ಹಂತದ ರೂಪ. ಐಕ್ಲೌಡಿಗೆ ದುಡ್ಡು ಕಟ್ಟುವವರಿಗೆ ಸಿಗುತ್ತದೆ, ಮುಖ್ಯವಾಗಿ ಸಫಾರಿ ಬ್ರೌಸರಿಗೆ ಸೀಮಿತ.

ಏನೂ ಕೊಳ್ಳದೆ ಮಾಡಬಹುದಾದ ಕೆಲಸವೂ ಒಂದಿದೆ. ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಆಯ್ಕೆ ಇದೆ. ತಾಣದ ಹೆಸರು ಹಿಡಿದು ವಿಳಾಸ ಕೇಳುವ ನಿಮ್ಮ ಪ್ರಶ್ನೆಗಳು ಅದರಿಂದ ಗೂಢಲಿಪಿಯಲ್ಲಿ ಹೋಗುತ್ತವೆ. ಪೂರ್ತಿ ಮರೆಯಲ್ಲ, ಬೇರೆ ಸುಳಿವುಗಳು ಉಳಿಯುತ್ತವೆ. ಆದರೂ ಪುಕ್ಕಟೆಗೆ ಇಷ್ಟು ಸಿಗುವುದು ಕಡಿಮೆಯೇನಲ್ಲ.

ಕೊಳ್ಳುವುದೇ ಆದರೆ ಸರ್ವರುಗಳ ಸಂಖ್ಯೆ, ವೇಗ, ‘ಸೇನಾ ದರ್ಜೆಯ ಎನ್‌ಕ್ರಿಪ್ಷನ್’ ಎಂಬ ಬಡಾಯಿ ಬಿಟ್ಟುಬಿಡಿ. ಮಾಲೀಕರು ಯಾರು, ಯಾವ ದೇಶದ ಕಾನೂನಿಗೆ ಒಳಪಟ್ಟವರು, ಹೊರಗಿನವರಿಂದ ತಪಾಸಣೆ ಮಾಡಿಸಿ ವರದಿ ಪ್ರಕಟಿಸಿದ್ದಾರಾ, ಪೊಲೀಸರು ಕೇಳಿದಾಗ ಏನಾಯಿತು ಎಂದು ಹುಡುಕಿ. ಸಂಪರ್ಕ ಕಡಿದಾಗ ಇಂಟರ್‌ನೆಟ್ಟನ್ನೇ ನಿಲ್ಲಿಸುವ ‘ಕಿಲ್ ಸ್ವಿಚ್’ ಇದೆಯೇ ನೋಡಿ. ಅದಿಲ್ಲದಿದ್ದರೆ ಸುರಂಗ ಕುಸಿದದ್ದು ನಿಮಗೆ ಗೊತ್ತಾಗುವ ಮೊದಲೇ ನಿಮ್ಮ ನಿಜ ವಿಳಾಸ ಹೊರಬಿದ್ದಿರುತ್ತದೆ. ಬೆಲೆ ನೋಡುವಾಗ ಜಾಹೀರಾತಿನ ಮೊದಲ ಅವಧಿಯ ದರ ನೋಡಬೇಡಿ. ಕೆಳಗೆ ಸಣ್ಣಕ್ಷರದಲ್ಲಿ ನವೀಕರಣದ ದರ ಇರುತ್ತದೆ. ಅದು ಮೊದಲಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವುದುಂಟು, ಮತ್ತು ಆಟೊಪೇ ನೀವು ಕೇಳದೆಯೇ ಆನ್ ಆಗಿರುತ್ತದೆ.